ತಳಕ್ಕೆ ಕೈ ಹಾಕಿದ ಓದು

ಆ ಕಡಲೆಕಾಯಿ ಪೊಟ್ಟಣವನ್ನು ಬಿಡಿಸಿ ನೋಡದೆ ಬಿಸಾಡಿದ್ದರೆ ನಾನು ಇವತ್ತಿಗೂ ಬರೀ ಜೆರಾಕ್ಸ್ ಅಂಗಡಿಯವಳಾಗಿಯೇ ಇರುತ್ತಿದ್ದೆ.

ತಿ. ನರಸೀಪುರದ ಬಸ್ ನಿಲ್ದಾಣದ ಎದುರು ನನ್ನ ಅಂಗಡಿ. ಒಂದು ಸಂಜೆ ಗಾಡಿಯವನ ಹತ್ತಿರ ಹುರಿದ ಕಡಲೆಕಾಯಿ ಕೊಂಡು ತಿಂದು, ಅಭ್ಯಾಸದಂತೆ ಕಾಗದ ಬಿಡಿಸಿದೆ. ಇಂಗ್ಲಿಷಿನ ಸಂಶೋಧನಾ ಲೇಖನದ ಒಂದು ಹಾಳೆ. ಎಡ ಅಂಚಿನಲ್ಲಿ ಮೇಲಿಂದ ಕೆಳಗೆ ಕೂದಲೆಳೆಯಷ್ಟು ಕರಿ ಗೆರೆ. ಆ ಗೆರೆ ನನ್ನ ಪ್ರಿಂಟರಿನದು. ಡ್ರಮ್ಮಿನ ಮೇಲೆ ಗೀರು ಬಿದ್ದಿದೆ. ಬದಲಾಯಿಸುವ ಖರ್ಚು ನೋಡಿ ಹಾಗೇ ಬಿಟ್ಟಿದ್ದೇನೆ. ಅಂದರೆ ಆ ಹಾಳೆ ನನ್ನ ಅಂಗಡಿಯಲ್ಲೇ ಹುಟ್ಟಿದ್ದು. ಯಾರಿಗೆ ಕೊಟ್ಟಿದ್ದೆ ಎಂಬುದೂ ನೆನಪಿತ್ತು. ಹಾಳೆಯ ಎರಡು ಬದಿಯನ್ನೂ ಹುಡುಕಿದೆ. ಪೆನ್ಸಿಲ್ಲಿನ ಒಂದು ಗೀಟೂ ಇರಲಿಲ್ಲ. ಮಡಿಕೆ ಕೂಡ ಕಡಲೆಕಾಯಿಯವನು ಮಾಡಿದ್ದೇ.

ಆ ಹಾಳೆ ಕೊಂಡವರು ಒಬ್ಬ ಅತಿಥಿ ಉಪನ್ಯಾಸಕಿ. ದಿನಾ ಇಲ್ಲಿಂದ ಬಸ್ಸು ಹತ್ತಿ ನಂಜನಗೂಡಿನ ಒಂದು ಕಾಲೇಜಿಗೆ ಹೋಗಿ ಪಾಠ ಮಾಡುತ್ತಿದ್ದರು. ಅಲ್ಲಿಯೇ ಪಿಎಚ್.ಡಿ.ಗೂ ನೋಂದಣಿ. ವಿಷಯ ನಮ್ಮ ಚೌಳು ಭೂಮಿ. ನಾಲೆ ನೀರು ನಿಂತೂ ನಿಂತೂ ಮೇಲೆ ಬಿಳಿ ಉಪ್ಪು ಕಟ್ಟುತ್ತದಲ್ಲ, ಆ ನೆಲ. ವಾರಕ್ಕೊಂದು ಲೇಖನ ಪ್ರಿಂಟ್ ಹಾಕಿಸುತ್ತಿದ್ದರು, ಸ್ಪೈರಲ್ ಬೈಂಡ್ ಬೇರೆ. ಮರುದಿನ ಬಂದಾಗ ಪೊಟ್ಟಣದ ಕಾಗದವನ್ನು ಕೌಂಟರ್ ಮೇಲೆ ಹರಡಿಟ್ಟೆ. ಅವರು ನೋಡಿದರು, ಸೆರಗಿನಿಂದ ಮೂಗು ಒರೆಸಿಕೊಂಡರು. ರದ್ದಿಗೆ ಹಾಕಿದ್ದು ತಾನೇ ಎಂದು ಒಪ್ಪಿಕೊಂಡು ಆಮೇಲೆ ಎಲ್ಲವನ್ನೂ ಹೇಳಿದರು. ಹಿಂದಿನ ಸಲದ ಕೊಲೊಕ್ವಿಯಮ್ಮಿನಲ್ಲಿ, ಅಂದರೆ ಪ್ರಬಂಧ ಸಲ್ಲಿಸುವ ಮೊದಲು ಸಮಿತಿಯ ಮುಂದೆ ನಿಂತು ಉತ್ತರ ಕೊಡುವಲ್ಲಿ, ಅವರೇ ಹೆಸರಿಸಿದ್ದ ಒಂದು ಲೇಖನದ ಬಗ್ಗೆ ಹಿರಿಯ ಪ್ರಾಧ್ಯಾಪಕರೊಬ್ಬರು ಪ್ರಶ್ನೆ ಕೇಳಿದ್ದರು. ಇವರಿಗೆ ಉತ್ತರ ಗೊತ್ತಿರಲಿಲ್ಲ. ಆರು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸಿದ್ದರು. ಇನ್ನೊಂದು ಸಲ ತಪ್ಪಿದರೆ ನೋಂದಣಿ ರದ್ದು. ಏಳು ವರ್ಷದ ಕೆಲಸ ನೀರಿಗೆ.

"ಓದ್ತೀನಿ ಕಣಕ್ಕಾ. ಮೊದಲನೇ ಪುಟ ಓದ್ತೀನಿ, ಕೊನೇ ಪುಟ ಓದ್ತೀನಿ. ನಡುವೆ ಏನಿದೆ ಅಂತ ಕೇಳಿದ್ರೆ ತಲೆ ಖಾಲಿ."

ಕಾಗದಕ್ಕೆ ದುಡ್ಡು ಹೋಗುತ್ತದೆಂದು ಫೋನಿನಲ್ಲಿ ಓದಲು ನೋಡಿದರಂತೆ. ಅದರಲ್ಲಿ ಇನ್ನೂ ಕಷ್ಟ. ಬೆರಳು ಜಾರುತ್ತದೆ, ಲೇಖನ ಜಾರುತ್ತದೆ, ನಂಜನಗೂಡು ಬರುತ್ತದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಗಿರಾಕಿಯ ಕಷ್ಟ ಎಲ್ಲಿದೆಯೋ ಅಲ್ಲೇ ವ್ಯಾಪಾರ ಇದೆ ಎಂಬುದನ್ನು ನನಗೆ ಯಾವ ಶಾಲೆಯೂ ಕಲಿಸಬೇಕಾಗಿರಲಿಲ್ಲ. ಜನ ಕಾಗದ ಬಿಟ್ಟು ಫೋನಿಗೆ ಹೋಗುತ್ತಿದ್ದರು. ನನ್ನ ಯಂತ್ರ ಅರ್ಧ ದಿನ ತಣ್ಣಗೆ ಕೂತಿರುತ್ತಿತ್ತು. ಹೋಗುವವರ ಹಿಂದೆ ಅಳುತ್ತಾ ನಿಲ್ಲಬಾರದು, ಮುಂದೆ ಹೋಗಿ ಅಂಗಡಿ ಇಡಬೇಕು. ಆರು ತಿಂಗಳಲ್ಲಿ ನಿಮ್ಮ ಓದಿಗೊಂದು ಹತಾರ ಮಾಡಿಸಿಕೊಡುತ್ತೇನೆ ಎಂದು ಮೇಡಂಗೆ ಮಾತು ಕೊಟ್ಟೆ. ಹೇಗೆ ಎಂಬುದು ನನಗೂ ಗೊತ್ತಿರಲಿಲ್ಲ. ಮಾತು ಕೊಟ್ಟರೆ ದಾರಿ ಹುಡುಕಲೇಬೇಕಾಗುತ್ತದೆ, ಅದಕ್ಕೇ ಕೊಡುವುದು.

ದೇವನೂರಿನವನೊಬ್ಬ ನನ್ನ ಗಿರಾಕಿ. ಹಾಲಿನ ಡೇರಿಗಳ ತೂಕದ ಯಂತ್ರಕ್ಕೆ ಪ್ರೋಗ್ರಾಂ ಬರೆದುಕೊಡುವ ಕೆಲಸ. ಫೋನಿನಲ್ಲಿ ಓದುವ ಹತಾರ ಬರೆದುಕೊಡಲು ಅವನು ಕೇಳಿದ ಸಂಬಳ ನನ್ನ ಕೈಗೆ ಎಟುಕುವಂತಿರಲಿಲ್ಲ. ಆದರೆ ಅವನ ಹೆಂಡತಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ, ಕಟ್ಟುಗಟ್ಟಲೆ ಪ್ರಿಂಟ್ ಬೇಕು ಎಂಬುದನ್ನು ನಾನು ಮೊದಲೇ ತಿಳಿದಿಟ್ಟುಕೊಂಡಿದ್ದೆ. ಅವಳಿಗೆ ಕೆಲಸ ಸಿಗುವ ತನಕ ಪ್ರಿಂಟ್ ಪುಕ್ಕಟೆ ಎಂದೆ.

"ಕೆಲ್ಸ ಸಿಗ್ದಿದ್ರೆ?" ಎಂದ.

"ಸಿಗದಿದ್ರೆ ನಿಂಗೇ ಲಾಭ ಕಣ್ಲಾ, ಜೀವಮಾನ ಪೂರ್ತಿ ಪುಕ್ಕಟೆ."

ನಕ್ಕು ಒಪ್ಪಿದ. ನಿಮಗೂ ಹೇಳುತ್ತೇನೆ, ಚೌಕಾಸಿಯಲ್ಲಿ ನಿಮ್ಮ ಹತ್ತಿರ ಸಲೀಸಾಗಿ ಇರುವುದನ್ನು ಕೊಡಿ, ಎದುರಿನವನಿಗೆ ಸಲೀಸಾಗಿರುವುದನ್ನು ಕೇಳಿ. ಇಬ್ಬರಿಗೂ ನೋವಾಗುವುದಿಲ್ಲ.

ಮೊದಲು ಮಾಡಿಸಿದ್ದು ಬಣ್ಣ ಬಳಿಯುವ ಹತಾರ. ಲೇಖನವನ್ನು ಫೋನಿನಲ್ಲಿ ತೆರೆದು, ಮುಖ್ಯ ಅನಿಸಿದ ಸಾಲಿನ ಮೇಲೆ ಬೆರಳು ಎಳೆದರೆ ಹಳದಿಯಾಗುತ್ತದೆ. ವಾರ ಬಿಟ್ಟು ಮೇಡಂ ಖುಷಿಯಿಂದ ತಂದು ತೋರಿಸಿದರು. ಲೇಖನವಿಡೀ ಹಬ್ಬದ ದಿನ ಅರಿಶಿನ ಬಳಿದ ಹೊಸ್ತಿಲಿನ ಹಾಗಿತ್ತು. ಒಂದು ಸಾಲೂ ಬಿಟ್ಟಿರಲಿಲ್ಲ. ಎಲ್ಲವೂ ಮುಖ್ಯ ಅನಿಸಿತಂತೆ.

ಎರಡನೆಯ ಸಲ ಪ್ರತಿ ಪುಟದ ಕೆಳಗೊಂದು ಖಾನೆ ಇಡಿಸಿದೆ. ಅಲ್ಲಿ ಟಿಪ್ಪಣಿ ಬರೆಯದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ಮೇಡಂ ಲೇಖನದ ಸಾಲುಗಳನ್ನೇ ಎತ್ತಿ ಅಂಟಿಸಿದರು. ದೇವನೂರಿನವನು ಅಂಟಿಸುವುದನ್ನು ಬಂದ್ ಮಾಡಿದ. ಆಗ ಅವರು ಮಾಡಿದ್ದನ್ನು ಕೇಳಿ. ಮೊದಲು ಸಾಲುಗಳನ್ನು ಮುತ್ತಿನಂಥ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡು, ನೋಟ್‌ಬುಕ್ ನೋಡಿಕೊಂಡು ಮತ್ತೆ ಫೋನಿನಲ್ಲಿ ಒತ್ತಿದ್ದರು. ಒಂದು ಕಾಮಾ ಕೂಡ ಬಿಟ್ಟಿರಲಿಲ್ಲ. ನನಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ಅವರ ತಪ್ಪಲ್ಲ. ನಾವೆಲ್ಲ ಓದಿದ್ದೇ ಹಾಗೆ. ಮೇಷ್ಟ್ರು ನೋಟ್ಸ್ ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ, ಬರೆದದ್ದನ್ನೇ ಪರೀಕ್ಷೆಯಲ್ಲಿ ವಾಪಸ್ ಕೊಡುತ್ತೇವೆ. ಬಂದ ಮಾಲನ್ನು ಬಿಚ್ಚಿ ನೋಡುವ ಹಕ್ಕು ನಮಗುಂಟು ಎಂದು ಯಾರೂ ಹೇಳಿಯೇ ಇರಲಿಲ್ಲ.

ಎರಡು ತಿಂಗಳು ಕಳೆದುಹೋಗಿತ್ತು. ದೇವನೂರಿನವನು ಕೈಬಿಡುವ ಮಾತಾಡಿದ. "ಬುಡು ಅಕ್ಕೋ, ಓದೋರ್ಗೆ ಓದೋ ಮನ್ಸಿಲ್ದಿದ್ರೆ ಮಿಸೀನು ಏನ್ ಮಾಡದು?"

ಬಿಚ್ಚಿ ನೋಡುವ ಹಕ್ಕು ಎಂಬುದು ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಆ ಹಕ್ಕಿನಲ್ಲೇ ನಾನು ಬೆಳೆದವಳು.

ನಾನು ಚಿಕ್ಕವಳಿದ್ದಾಗ ನಮ್ಮವ್ವ ನಂಜನಗೂಡಿನ ಸಂತೆಯಲ್ಲಿ ಬದನೆಕಾಯಿ ಮಾರುತ್ತಿದ್ದಳು. ಪಕ್ಕದಲ್ಲಿ ಗೋಣಿಚೀಲದ ಮೇಲೆ ನಾನು. ಬುಟ್ಟಿ ತುಂಬುವ ವಿದ್ಯೆ ನಮ್ಮವ್ವನದು: ಮೇಲೆ ನೇರಳೆ ಮಿಂಚು, ಕೆಳಗೆ ಹುಳುಕು. ಅದಕ್ಕೆ ಸರಿಯಾಗಿ ನಮ್ಮ ಸಾಲಿನಲ್ಲಿ ಒಂದು ಕಟ್ಟಳೆ ಇತ್ತು. ಇಡೀ ಬುಟ್ಟಿ ಕೊಳ್ಳುವವನು ಬೆಲೆ ಮಾತಾಡುವ ಮೊದಲು ಒಂದು ಸಲ ತಳಕ್ಕೆ ಕೈ ಹಾಕಿ ಮೂರು ಕಾಯಿ ತೆಗೆಯಬಹುದು. ಮಾರುವವಳು ಬೇಡ ಅನ್ನುವ ಹಾಗಿಲ್ಲ. ಆ ಕೈ ಮೇಲೆ ಬರುವ ತನಕ ಮಾಲನ್ನು ಹೊಗಳುವ ಹಾಗೂ ಇಲ್ಲ. ಆದರೆ ಕೈ ಹಾಕಿದವನು ಸುಮ್ಮನೆ ಎದ್ದು ಹೋಗುವಂತಿಲ್ಲ, ಒಂದು ಬೆಲೆ ಹೇಳಲೇಬೇಕು. ಹೇಳದೆ ಎದ್ದವನಿಗೆ ಸಾಲಿನ ಹೆಂಗಸರೆಲ್ಲ ಸೇರಿ ಮಾಡುತ್ತಿದ್ದ ಮಂಗಳಾರತಿಯನ್ನು ಇಲ್ಲಿ ಬರೆಯಲಾಗದು.

ಲೇಖನವೂ ಒಂದು ಬುಟ್ಟಿಯೇ. ಮೇಲಿನ ಸಾರಾಂಶ ಮಿಂಚುವ ಕಾಯಿ. ಕೊನೆಯ ತೀರ್ಮಾನ ಮಾರುವವಳ ಹೊಗಳಿಕೆ. ಏನು ಮಾಡಿದರು, ಎಲ್ಲಿ ಮಾಡಿದರು, ಹೇಗೆ ಅಳೆದರು ಎಂಬುದೆಲ್ಲ ನಡುವೆ ಸಣ್ಣ ಅಕ್ಷರದಲ್ಲಿ ಬಿದ್ದಿರುತ್ತದೆ. ಮೇಡಂ ಇಷ್ಟು ದಿನ ಮೇಲಿನ ಕಾಯಿ ನೋಡಿ, ಹೊಗಳಿಕೆ ಕೇಳಿ, ಬುಟ್ಟಿ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದರು.

ಮರುದಿನವೇ ದೇವನೂರಿನವನನ್ನು ಕರೆಸಿ ಹೇಳಿದೆ. ಲೇಖನ ತೆರೆದ ತಕ್ಷಣ ಸಾರಾಂಶವೂ ತೀರ್ಮಾನವೂ ಮುಚ್ಚಿರಬೇಕು. ಮಾಡಿದ ಕೆಲಸದ ಭಾಗ ಮಾತ್ರ ಕಾಣಬೇಕು. ಅದರಿಂದ ಓದುವವರು ಮೂರು ಸಂಗತಿ ಆರಿಸಿ ಕನ್ನಡದಲ್ಲಿ, ಸ್ವಂತ ಮಾತಿನಲ್ಲಿ ಬರೆಯಬೇಕು. ಕನ್ನಡ ಯಾಕೆಂದರೆ, ಅರ್ಥವಾಗದ ಇಂಗ್ಲಿಷನ್ನು ನೋಡಿಕೊಂಡು ಬರೆಯಬಹುದು, ಅರ್ಥವಾಗದ್ದನ್ನು ಅವ್ವನಿಗೆ ಹೇಳುವ ಹಾಗೆ ಹೇಳಲು ಬರುವುದಿಲ್ಲ. ಆಮೇಲೆ ಬೆಲೆ ಕಟ್ಟಬೇಕು. ಹದಿನಾರಾಣೆಯಲ್ಲಿ ಎಷ್ಟಾಣೆ ನಂಬುತ್ತೀರಿ, ಯಾಕೆ? ಬೆಲೆ ಕಟ್ಟಿದ ಮೇಲೆ ಮಾತ್ರ ಬೀಗ ತೆರೆಯಬೇಕು. ಸಾರಾಂಶ ಓದಿದ ಮೇಲೆ ಇನ್ನೊಂದು ಸಲ ಬೆಲೆ. ಎರಡೂ ಪಕ್ಕಪಕ್ಕದಲ್ಲಿ ಕಾಣಬೇಕು. ಮಾರುವವಳ ಬಾಯಿಗೆ ಮರುಳಾಗಿ ಏರಿಸಿದ್ದೀಯೋ ಇಲ್ಲವೋ ಆಗ ನಿನಗೇ ತಿಳಿಯುತ್ತದೆ.

ಅನುವಾದವನ್ನು ಈಗ ಫೋನೇ ಮಾಡುತ್ತದಲ್ಲ ಎಂದು ನೀವು ಕೇಳಬಹುದು. ಮಾಡಲಿ. ನಿಮ್ಮ ಬೆಲೆಯನ್ನೂ ಅದರ ಕಾರಣವನ್ನೂ ಅದು ಕಟ್ಟಿಕೊಡುವುದಿಲ್ಲ.

ಅವನು, "ಇದು ಡೇರಿ ಲೆಕ್ಕನೇ ಅಲ್ವಾ? ಹಾಲಿನ ಫ್ಯಾಟ್ ನೋಡ್ದೆ ರೇಟ್ ಕಟ್ಟಂಗಿಲ್ಲ," ಎಂದ. ಅವನಿಗೆ ನನಗಿಂತ ಚೆನ್ನಾಗಿ ಅರ್ಥವಾಗಿತ್ತು. ಹದಿನೈದು ದಿನದಲ್ಲಿ ಮಾಡಿ ತಂದ.

ಮೇಡಂ ಅದರಲ್ಲಿ ಮೊದಲು ತೆರೆದದ್ದು ತಮ್ಮನ್ನು ಬೀಳಿಸಿದ್ದ ಅದೇ ಲೇಖನವನ್ನು. ಹಸಿರೆಲೆ ಗೊಬ್ಬರದ ಗಿಡ ಬೆಳೆದು ಮಣ್ಣಿಗೆ ಸೇರಿಸಿ ಉತ್ತರೆ ಸಾಕು, ಚೌಳು ನೆಲ ತಿರುಗಿ ಬೆಳೆಗೆ ಬರುತ್ತದೆ ಎಂದು ಅದರ ಸಾರಾಂಶ. ಅದು ಅವರಿಗೆ ಬಾಯಿಪಾಠವಾಗಿತ್ತು. ಈಗ ಸಾರಾಂಶ ಮುಚ್ಚಿತ್ತು. ಅಂಗಡಿಯ ಸ್ಟೂಲಿನ ಮೇಲೆ ಕೂತು ಓದತೊಡಗಿದವರು ನಂಜನಗೂಡಿನ ಎರಡು ಬಸ್ಸು ಬಿಟ್ಟರು. ಮೂರನೆಯ ಸಂಗತಿ ಬರೆಯುವಾಗ ನನ್ನನ್ನು ಕೇಳಿದರು:

"ಅಕ್ಕಾ, ಬಿತ್ತೋಕೆ ಮುಂಚೆ ಎರಡು ಸಲ ಹೊಸ ನೀರು ನಿಲ್ಲಿಸಿ, ಕಾಲುವೆ ತೋಡಿ ಬಸಿದ್ರಂತೆ. ಅದನ್ನ ಏನಂತ ಬರೀಲಿ?"

"ಬಸಿಗಾಲುವೆ ಅಂತ ಬರೀರಿ," ಎಂದೆ. ಅಂದವಳು ಅಲ್ಲೇ ನಿಂತೆ. ನನ್ನ ಅಪ್ಪನ ಗದ್ದೆಯ ಒಂದು ಮೂಲೆ ಚೌಳಾಗಿತ್ತು. ಬಸಿಗಾಲುವೆ ತೋಡಿ ಉಪ್ಪುನೀರು ಹೊರಹಾಕದೆ ಅದು ಯಾವ ಗೊಬ್ಬರಕ್ಕೂ ಜಗ್ಗಿರಲಿಲ್ಲ. ಮೇಡಂ ಕೂಡ ತಲೆಯೆತ್ತಿದರು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಗೊಬ್ಬರಕ್ಕೆ ಕೊಟ್ಟ ಕೀರ್ತಿಯಲ್ಲಿ ಕಾಲುವೆಯ ಪಾಲು ಎಷ್ಟು? ಕಾಲುವೆ ತೋಡದ, ಬರೀ ಗೊಬ್ಬರದ ತಾಕು ಒಂದಾದರೂ ಇತ್ತಾ? ಅವರು ಮತ್ತೆ ಮೇಲಿಂದ ಕೆಳಗೆ ಹುಡುಕಿದರು. ಇರಲಿಲ್ಲ.

ಬೆಲೆಯ ಖಾನೆಯಲ್ಲಿ ಆರಾಣೆ ಎಂದು ಹಾಕಿದರು. ಅಚ್ಚಾದ ಇಂಗ್ಲಿಷ್ ಬರಹಕ್ಕೆ ಅವರು ಬೆಲೆ ಕಟ್ಟಿದ್ದು ಅದೇ ಮೊದಲು.

ಅಲ್ಲಿಂದ ಮೂರು ತಿಂಗಳು, ಹೋಗುವ ಬಸ್ಸಿನಲ್ಲಿ ತಳಕ್ಕೆ ಕೈ, ಬರುವ ಬಸ್ಸಿನಲ್ಲಿ ಬೆಲೆ. ಸಂಜೆ ಅಂಗಡಿಗೆ ಬಂದು ಆ ದಿನದ ಮೂರು ಸಂಗತಿ ನನಗೆ ಹೇಳಬೇಕು. ನನಗೆ ಅರ್ಥವಾಗದಿದ್ದರೆ ಮತ್ತೆ ಹೇಳಬೇಕು. ಒಂದು ಲೇಖನಕ್ಕೆ ಹದಿನೈದಾಣೆ ಕೊಟ್ಟ ದಿನ ಅವರ ಮುಖ ಹೊಸ ಸೀರೆ ಕೊಂಡವರ ಹಾಗಿತ್ತು. ಒಳ್ಳೆಯ ಮಾಲು ಸಿಕ್ಕಾಗಲೂ ಕೈ ಹಾಕಿದವರಿಗೇ ಹೆಚ್ಚು ಖುಷಿ.

ಕೊಲೊಕ್ವಿಯಮ್ಮಿನ ದಿನ ಬೈಂಡ್ ಮಾಡಿದ ಪ್ರತಿಗಳನ್ನು ಹೊತ್ತುಕೊಂಡು ನಾನೇ ನಂಜನಗೂಡಿಗೆ ಹೋದೆ. ಪ್ರತಿ ಕೊಟ್ಟು ವಾಪಸ್ ಬರಬೇಕಿತ್ತು. ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟೆ, ಯಾರೂ ಏಳಿ ಅನ್ನಲಿಲ್ಲ. ಮೇಡಂ ಮಾತಾಡಿ ಮುಗಿಸುತ್ತಲೇ ಹಿರಿಯ ಪ್ರಾಧ್ಯಾಪಕರು ಹಳೆಯ ಜಾಗಕ್ಕೇ ಬಂದರು. ಹಸಿರೆಲೆ ಗೊಬ್ಬರವೇ ಸಾಕು ಎಂದು ಈ ಲೇಖನ ಹೇಳುವಾಗ ರೈತರು ಬಸಿಗಾಲುವೆಯನ್ನೂ ತೋಡಬೇಕು ಎಂದು ನೀವು ಯಾಕೆ ಬರೆದಿರಿ ಎಂದು ಕೇಳಿದರು.

ಮೇಡಂ ಚೀಟಿ ನೋಡಲಿಲ್ಲ.

"ಸರ್, ಸಾರಾಂಶ ಹಾಗನ್ನುತ್ತೆ. ಆದರೆ ಲೇಖನ ಬರೆದವರೇ ಬಸಿಗಾಲುವೆ ತೋಡಿದ್ದಾರೆ, ಬಿತ್ತೋಕೆ ಮುಂಚೆ ಎರಡು ಸಲ ನೀರು ಬಸಿದಿದ್ದಾರೆ. ಬರೀ ಗೊಬ್ಬರದ ತಾಕು ಒಂದೂ ಇಟ್ಟಿಲ್ಲ. ಹಾಗಾಗಿ ಗೊಬ್ಬರವೇ ಸಾಕು ಅನ್ನೋ ಮಾತು ಅವರ ಕೆಲಸದಿಂದ ಹೊರಡೋದಿಲ್ಲ ಸರ್."

ಅವರು ಪುಟ ತಿರುವಿದರು. ಹಿಂದಕ್ಕೆ, ಮತ್ತೆ ಮುಂದಕ್ಕೆ. ಆ ಸಾಲು ಸಿಕ್ಕಿತು. ಬೆರಳಿಟ್ಟು ಓದಿದರು. ಪಕ್ಕದವರಿಗೂ ತೋರಿಸಿದರು. ಆಮೇಲೆ, "ನಾನೂ ಇದನ್ನು ನೋಡಿರಲಿಲ್ಲಮ್ಮ," ಎಂದರು.

ಸಮಿತಿ ಅರ್ಧ ಗಂಟೆಯಲ್ಲಿ ಒಪ್ಪಿಗೆಗೆ ಸಹಿ ಹಾಕಿತು. ಪ್ರಬಂಧ ಸಲ್ಲಿಸಬಹುದು. ಕಾರಿಡಾರಿನಲ್ಲಿ ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡರು. ನನಗಂತೂ ನಮ್ಮವ್ವ ಇಡೀ ಸಂತೆ ಗೆದ್ದು ಬುಟ್ಟಿ ಖಾಲಿ ಮಾಡಿ ಎದ್ದ ಹಾಗಿತ್ತು.

ಅಷ್ಟರಲ್ಲಿ ಹಿರಿಯ ಪ್ರಾಧ್ಯಾಪಕರು ಹಿಂದೆಯೇ ಬಂದರು. ಹೇಗೆ ಓದಿದಿರಿ ಎಂದು ಕೇಳಿದರು. ಮೇಡಂ ನನ್ನನ್ನು ಮುಂದೆ ತಳ್ಳಿದರು. ಫೋನಿನಲ್ಲಿ ತೋರಿಸಿದೆ. ಕಾಲೇಜಿನ ಗ್ರಂಥಾಲಯಕ್ಕೆ, ಎಲ್ಲ ವಿಭಾಗಕ್ಕೂ ಇದು ಬೇಕು ಎಂದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, ವಿದ್ಯಾರ್ಥಿಗಳಿಗೆ ಬೀಗ ಇರಲಿ, ಅಧ್ಯಾಪಕರಿಗೆ ಮಾತ್ರ ಸಾರಾಂಶ ನೇರವಾಗಿ ತೆರೆಯುವ ಹಾಗೆ ಮಾಡಿಕೊಡಿ, ನಮಗೆಲ್ಲ ಸಮಯ ಎಲ್ಲಿದೆ ಎಂದರು.

ಚೌಕಾಸಿಯಲ್ಲಿ ಎಲ್ಲವನ್ನೂ ಬಿಟ್ಟುಕೊಡಬಹುದು, ಮಾಲಿನ ಜೀವ ಎಲ್ಲಿದೆಯೋ ಅದನ್ನು ಬಿಡಬಾರದು. ಗ್ರಂಥಾಲಯದ ದರದಲ್ಲಿ ಎಷ್ಟು ಬೇಕಾದರೂ ಇಳಿಯುತ್ತೇನೆ ಎಂದೆ. ಬೀಗದ ವಿಷಯದಲ್ಲಿ ಇಳಿಯಲಿಲ್ಲ.

"ಸಾ, ನಮ್ಮ ಸಾಲಲ್ಲಿ ತಾಲ್ಲೂಕಿನ ಅಮಲ್ದಾರ್ರು ಬಂದ್ರೂ ತಳಕ್ಕೆ ಕೈ ಹಾಕದೆ ಬೆಲೆ ಇಲ್ಲ."

ಅವರು ನನ್ನನ್ನು ನೋಡಿದರು, ಮೇಡಂ ಅವರನ್ನು ನೋಡಿದರು. ನನ್ನ ಕೈಯಿಂದ ಫೋನು ತೆಗೆದುಕೊಂಡು ತಾವೇ ಬರೆದಿದ್ದ ಒಂದು ಹಳೆಯ ಲೇಖನವನ್ನು ಹುಡುಕಿ ತೆರೆದರು. ಸಾರಾಂಶ ಮುಚ್ಚಿತ್ತು. ತಮ್ಮ ಬರಹವೇ ಆದರೂ ಮುಚ್ಚಿತ್ತು. ಕಾರಿಡಾರಿನ ಬೆಂಚಿನ ಮೇಲೆ ಕೂತು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ನಿಧಾನಕ್ಕೆ ಓದಲು ಶುರುಮಾಡಿದರು.