ವೆಬ್‌ಸೈಟಿಗೆ ಕೊಸರು ಕೊಟ್ಟ ವರ್ಷ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ನಮ್ಮ ಮೋಡೆಮ್ ಕಪ್ಪಗಿತ್ತು ಎಂದು ನನ್ನ ನೆನಪು. ಆಗಿನ ಡೈರಿಯಲ್ಲಿ ಬಿಳಿ ಎಂದಿದೆ. ಡೈರಿ ಬರೆದವಳೂ ನಾನೇ ಆದ್ದರಿಂದ ಅದನ್ನೂ ಪೂರ್ತಿ ನಂಬುವಂತಿಲ್ಲ. ವರ್ಷ ೨೦೦೪ ಇರಬೇಕು. ೨೦೦೫ ಆಗಿದ್ದರೂ ನನ್ನ ಪೆದ್ದತನ ಅಷ್ಟೇ ಇರುತ್ತಿತ್ತು.

ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಸಿಂದಗಿಗೆ ಮರಳಿ, ಉಪನ್ಯಾಸಕಿ ಕೆಲಸಕ್ಕೆ ಅರ್ಜಿ ಹಾಕುತ್ತ ಕೂತಿದ್ದೆ. ಒಂದು ದಿನ ಬಸ್ ನಿಲ್ದಾಣದ ಎದುರಿನ ಸೈಬರ್ ಕೆಫೆಯಲ್ಲಿ ಪರದೆಯ ಮೂಲೆಯಲ್ಲೊಂದು ಜಾಹೀರಾತು ಕಂಡಿತು. ನಿಮ್ಮದೇ ಹೋಸ್ಟಿಂಗ್ ಕಂಪನಿ ತೆರೆಯಿರಿ, ಅನುಭವ ಬೇಕಾಗಿಲ್ಲ ಎಂದಿತ್ತು. ಕೇಳಿದ ಅರ್ಹತೆ ಅದೊಂದೇ, ಮತ್ತು ಅದು ನನ್ನ ಬಳಿ ಧಾರಾಳವಾಗಿತ್ತು.

ಕೆಲಸ ಇಷ್ಟೇ. ವೆಬ್‌ಸೈಟ್ ಇಡಲು ಕಂಪ್ಯೂಟರಿನಲ್ಲಿ ಜಾಗ ಬೇಕು. ಹೈದರಾಬಾದಿನ ಒಂದು ಕಂಪನಿಯಿಂದ ಆ ಜಾಗವನ್ನು ಸಗಟು ತೆಗೆದುಕೊಂಡು, ತುಂಡು ಮಾಡಿ, ಚಿಲ್ಲರೆ ಕೊಡುವುದು. ಜೊತೆಗೆ, ಜನ ಬಂದು ಸೈಟ್ ನೋಡಿದಾಗ ಹರಿಯುವ ಮಾಹಿತಿಗೂ ತಿಂಗಳಿಗೆ ಇಷ್ಟು ಎಂದು ಮಿತಿ ಇತ್ತು. ಆ ಮಿತಿಯ ವಾಕ್ಯವನ್ನು ನಾನು ಓದಿದ್ದೆನೇ? ಓದಿದ್ದೆ ಅನಿಸುತ್ತದೆ. ತಲೆಗೆ ಹೋಗಿರಲಿಲ್ಲ.

ಮನೆಯಲ್ಲಿ ಇದನ್ನು ವಿವರಿಸಿದಾಗ ಕಾಕು, ಅಂದರೆ ನನ್ನ ಚಿಕ್ಕಮ್ಮ, ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಜಾಗಾ ಮಾರ್ತೀಯಂದ್ರ ಉತಾರಿ ಕಾಗದ ಯಾರ ಹೆಸರಲೆ ಐತಿ?"

"ಹಂಗಲ್ಲರಿ ಕಾಕು, ಇದು ಭೂಮಿ ಅಲ್ಲ. ಕಣ್ಣಿಗೆ ಕಾಣೂದಿಲ್ಲ."

"ಕಾಣಲಾರದ್ದು ಮಾರಾಕ ಎಂ.ಎ. ಮಾಡಬೇಕಾತೇನು?"

ಕಾಕಾ ನಗಲಿಲ್ಲ. ಕಾಕಾ ಎಂದರೆ ನಮ್ಮಪ್ಪನ ತಮ್ಮ. ಅಪ್ಪ ಹೋದ ಮೇಲೆ ನಾನು ಬೆಳೆದದ್ದು ಅವರ ಮನೆಯಲ್ಲೇ. ಅವರು ದಲ್ಲಾಳಿ ಪೇಟೆಯಲ್ಲಿ ತೂಕದವರಾಗಿದ್ದರು. ಜೋಳ, ತೊಗರಿ ಚೀಲಗಳನ್ನು ಕಾಟಾದ ಮೇಲೆ ಇಟ್ಟು, ತೂಕ ಎಷ್ಟೆಂದು ಗಟ್ಟಿಯಾಗಿ ಕೂಗುವುದು ಅವರ ಕೆಲಸ. ಅವರು ಕೂಗಿದ ಮೇಲೆ ಇನ್ನೊಮ್ಮೆ ತೂಗಿ ನೋಡಿ ಎಂದವರಿಲ್ಲ. ಮೋರಟಗಿಯ ರೈತನೂ ಅಷ್ಟೇ, ಇಂಡಿ ಪಟ್ಟಣದ ವ್ಯಾಪಾರಿಯೂ ಅಷ್ಟೇ. ನಮ್ಮ ಮನೆಯಲ್ಲಿ ಆಸ್ತಿ ಎನ್ನುವಂಥದ್ದು ಏನಾದರೂ ಇದ್ದರೆ ಅದು ಅವರ ಮಾತು. ಅದನ್ನೇ ನಾನು ಬಂಡವಾಳ ಮಾಡಿಕೊಂಡೆ.

ನನ್ನನ್ನು ಕರೆದುಕೊಂಡು ಅವರು ಬಸ್ಸಿನಲ್ಲಿ ಊರೂರು ತಿರುಗಿದರು. ಮೊದಲು ಇಂಡಿಯ ಒಬ್ಬ ಲಿಂಬೆ ವ್ಯಾಪಾರಿ. ನಾನು ಫೈಲು ತೆರೆದು ಸರ್ವರ್, ಡೊಮೇನ್ ಎಂದು ಹದಿನೈದು ನಿಮಿಷ ಪಾಠ ಮಾಡಿದೆ. ಅವರು ಕಾಕಾನ ಕಡೆ ತಿರುಗಿದರು.

"ನೀವೇನಂತೀರಿ?"

"ಹುಡುಗಿ ಮಾತಿಗೆ ನಾ ಅದೀನ್ರಿ," ಎಂದರು ಕಾಕಾ.

"ಮುಗೀತಲ್ಲ ಹಂಗಾರ." ಆಮೇಲೆ ನನ್ನ ಕಡೆ ನೋಡಿ, "ಕೊಸರ ಏನ್ ಹಾಕ್ತೀರಿ, ತಂಗಿ?"

ನನಗೆ ಅರ್ಥವಾಗಲಿಲ್ಲ.

"ನೂರ ಲಿಂಬಿ ಒಯ್ದವಗ ನಾ ಮ್ಯಾಲ ನಾಕು ಹಾಕ್ತೇನಿ. ಸಂತ್ಯಾಗ ಮೆಂತೆಪಲ್ಲೆ ಮಾರಾಕಿ ಸೈತ ಒಂದ ಹಿಡಿ ಮ್ಯಾಲ ಹಾಕ್ತಾಳ. ನೀವು?"

ಕೊಸರಿಲ್ಲದ ವ್ಯಾಪಾರ ನಮ್ಮ ಕಡೆ ವ್ಯಾಪಾರವೇ ಅಲ್ಲ. ಅಳತೆ ಮುಗಿದ ಮೇಲೆ ಒಂದಿಷ್ಟು ಹೆಚ್ಚು ಹಾಕದವರ ಕೈ ಸಣ್ಣದು ಎಂದು ಜನ ಆಡಿಕೊಳ್ಳುತ್ತಾರೆ. ನನ್ನ ಕೈ ಸಣ್ಣದಲ್ಲ ಎಂದು ತೋರಿಸಲು, ಕೇಳಿದ್ದಕ್ಕಿಂತ ಎರಡು ಪಟ್ಟು ಜಾಗ ಕೊಡುತ್ತೇನೆ ಎಂದುಬಿಟ್ಟೆ. ಬಸವನ ಬಾಗೇವಾಡಿಯ ಪಂಪ್‌ಸೆಟ್ ಅಂಗಡಿಯವರಿಗೂ ಎರಡು ಪಟ್ಟು. ಮುದ್ದೇಬಿಹಾಳದಲ್ಲಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುತ್ತಿದ್ದ ನಿವೃತ್ತ ಮಾಸ್ತರರಿಗೆ, ಅವರು ಗುರುಗಳು ಎನ್ನುವ ಗೌರವಕ್ಕೆ, ನಾಲ್ಕು ಪಟ್ಟು.

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಜಾಗ ಹಂಚಲು ಕೂತಾಗ ನಾನು ಕೊಟ್ಟ ಮಾತಿನ ಮೊತ್ತ ನಾನು ತೆಗೆದುಕೊಂಡಿದ್ದಕ್ಕಿಂತ ಬಹಳ ದೊಡ್ಡದಾಗಿತ್ತು. ಆದರೆ ಕಂಪನಿಯ ಪುಟದಲ್ಲಿ ಒಂದು ಪುಟ್ಟ ಚೌಕವಿತ್ತು. ಅದಕ್ಕೆ ಟಿಕ್ ಹಾಕಿದರೆ ಇರುವುದಕ್ಕಿಂತ ಹೆಚ್ಚು ಹಂಚಬಹುದಂತೆ. ಹೈದರಾಬಾದಿನವರಿಗೂ ಕೊಸರಿನ ಪದ್ಧತಿ ಗೊತ್ತಿದೆಯಲ್ಲ ಎಂದು ಖುಷಿಪಟ್ಟು ಟಿಕ್ ಹಾಕಿದೆ. ಇಲ್ಲದ್ದನ್ನು ಕೊಡುವ ಸೌಲಭ್ಯ ಅದು, ಎಲ್ಲರೂ ಒಟ್ಟಿಗೆ ಬಂದು ಕೇಳುವ ದಿನದ ತನಕ ಮಾತ್ರ ನಡೆಯುತ್ತದೆ ಎಂದು ಆಗ ಹೊಳೆಯಲಿಲ್ಲ. ಸಾಮ್ರಾಜ್ಯಗಳ ಪತನಕ್ಕೆ ಕಾರಣಗಳು ಎಂಬ ಪ್ರಶ್ನೆಗೆ ಹತ್ತು ಪುಟ ಬರೆದು ಒಳ್ಳೆಯ ಅಂಕ ತೆಗೆದಿದ್ದವಳು ನಾನು.

ನಾಲ್ಕೈದು ತಿಂಗಳು ಏನೂ ಆಗಲಿಲ್ಲ. ಕಾರಣ, ಯಾರೂ ಆ ವೆಬ್‌ಸೈಟುಗಳನ್ನು ನೋಡುತ್ತಿರಲಿಲ್ಲ. ನಾನು ಮಾತ್ರ ದಿನಾ ಮೂರೂ ತೆರೆದು ನೋಡಿ, ಭೇಟಿ ಕೊಟ್ಟವರ ಸಂಖ್ಯೆ ಏರಿತು ಎಂದು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ.

ಆಮೇಲೆ ಮುದ್ದೇಬಿಹಾಳದ ಮಾಸ್ತರರು ತಮ್ಮ ಹಳೆಯ ಮಾದರಿ ಪ್ರಶ್ನೆಪತ್ರಿಕೆಗಳನ್ನೆಲ್ಲ ಸೈಟಿಗೆ ಏರಿಸಿದರು. ಝೆರಾಕ್ಸ್ ಅಂಗಡಿಯಲ್ಲಿ ಒಂದೊಂದು ಪುಟವನ್ನೂ ಬಣ್ಣದಲ್ಲಿ, ಅಂಗಡಿಯವನಿಗೆ ಗೊತ್ತಿದ್ದ ಅತಿ ದೊಡ್ಡ ಅಳತೆಯಲ್ಲಿ ಸ್ಕ್ಯಾನ್ ಮಾಡಿಸಿದ್ದರು. ಪರೀಕ್ಷೆ ಹತ್ತಿರವಿತ್ತು. ಸುತ್ತಲಿನ ತಾಲ್ಲೂಕುಗಳ ಸೈಬರ್ ಕೆಫೆಗಳಲ್ಲಿ ತಂದೆತಾಯಿಗಳು ಸಾಲುಗಟ್ಟಿ ಕೂತು ಅವನ್ನು ಇಳಿಸಿಕೊಂಡರು. ತಿಂಗಳ ಮಿತಿ ಮೂರನೆಯ ವಾರಕ್ಕೇ ಮುಗಿದುಹೋಯಿತು. ಮಿತಿ ನನ್ನ ಇಡೀ ಖಾತೆಯದು. ಮಾಸ್ತರರ ಸೈಟಿನ ಜೊತೆಗೆ ಪಂಪ್‌ಸೆಟ್ಟೂ ಲಿಂಬೆಯೂ ಬಂದಾದವು. ಮೂರೂ ಕಡೆ ಇಂಗ್ಲಿಷಿನ ಒಂದೇ ಸಾಲು, ಮಿತಿ ಮೀರಿದೆ ಎಂದು.

ಅವತ್ತೇ ಇಂಡಿಗೆ ದಿಲ್ಲಿ ಕಡೆಯ ಖರೀದಿದಾರರು ಬಂದಿದ್ದರು. ಲಿಂಬೆ ವ್ಯಾಪಾರಿ ಅವರನ್ನು ಸೈಬರ್ ಕೆಫೆಗೆ ಕರೆದೊಯ್ದು, ಚಹಾ ತರಿಸಿ, ನಮ್ಮ ಸೈಟ್ ನೋಡ್ರಿ ಎಂದು ತೆರೆಸಿದರೆ ಆ ಸಾಲು. ವ್ಯಾಪಾರಿ ಫೋನ್ ಮಾಡಿದ್ದು ನನಗಲ್ಲ, ಕಾಕಾಗೆ.

ರಿಸೀವರ್ ಇಟ್ಟು ಕಾಕಾ ಕೇಳಿದರು. "ಅಂಗಡಿ ಮುಚ್ಚೇತಂತಲ್ಲ. ನಿಮ್ಮ ಮಾತಿನ ಮ್ಯಾಲ ತಗೊಂಡಿದ್ವಿ ಅಂದ್ರು. ಏನಾಗೇತಿ, ಯವ್ವಾ?"

ಇಲ್ಲಿ ನನ್ನ ನೆನಪು ಮಸುಕಾಗಿದೆ ಎಂದು ಹೇಳಲು ಇಷ್ಟವಿತ್ತು. ಆದರೆ ಇದೊಂದು ಚೆನ್ನಾಗಿ ನೆನಪಿದೆ.

"ಕಂಪನಿಯವರ ತಪ್ಪ್ರಿ ಕಾಕಾ," ಎಂದೆ. "ಹೈದರಾಬಾದಿನವರದು."

"ನಿಂದೇನೂ ಇಲ್ಲಲ್ಲ?"

"ಇಲ್ರಿ."

ಕಾಕಾ ಒಂದಿಷ್ಟು ಹೊತ್ತು ನನ್ನನ್ನು ನೋಡಿದರು. ಆಗ ನೋಡಿದರೋ, ಅಥವಾ ಆಮೇಲೆ ನನ್ನ ತಪ್ಪಿತಸ್ಥ ಮನಸ್ಸು ಆ ನೋಟವನ್ನು ಸೇರಿಸಿಕೊಂಡಿತೋ, ಪ್ರಮಾಣ ಮಾಡಿ ಹೇಳಲಾರೆ.

ಮರುದಿನ ನಾನು ಮುದ್ದೇಬಿಹಾಳದ ಬಸ್ ಹಿಡಿದೆ. ಮಾಸ್ತರರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಚುರುಮುರಿ ಕೊಟ್ಟು, ಎಲ್ಲ ಕೇಳಿಸಿಕೊಂಡರು.

"ಅಲ್ರಿ, ಹುಡುಗ್ರು ನೋಡ್ಲಿ ಅಂತ ಇಟ್ಟೆ. ನೋಡಿದ್ರು. ಅದು ತಪ್ಪಾತೇನ್ರಿ?"

"ತಪ್ಪಲ್ಲರಿ ಸರ್. ಭಾಳ ಮಂದಿ ನೋಡಿದ್ರು."

"ನಾಕ್ ಪಟ್ಟ ನೀವ ಕೊಟ್ಟಿದ್ರಿ. ನಾ ಕೇಳಿದ್ನೇನು?"

ಕೇಳಿರಲಿಲ್ಲ. ನಾನು ಚುರುಮುರಿ ತಿಂದೆ. ಕೊನೆಗೆ ಝೆರಾಕ್ಸ್ ಅಂಗಡಿಯಲ್ಲಿ ಕೂತು ನಾವಿಬ್ಬರೂ ಆ ಪುಟಗಳನ್ನು ಕಪ್ಪು-ಬಿಳುಪಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿದೆವು. ಹೈದರಾಬಾದಿಗೆ ಫೋನ್ ಮಾಡಿ, ನನ್ನ ಅರೆಬರೆ ಹಿಂದಿಯಲ್ಲಿ ಬೇಡಿಕೊಂಡು, ದೊಡ್ಡ ಯೋಜನೆಗೆ ಬದಲಾಯಿಸಿಕೊಂಡೆ. ಆ ಕಡೆಯ ಹೆಣ್ಣುಮಗಳು ತುಂಬ ಸೌಜನ್ಯದಿಂದ, ಇದೆಲ್ಲ ಮೊದಲ ಪುಟದಲ್ಲೇ ಬರೆದಿದೆ ಮೇಡಂ ಎಂದಳು.

ಸಂಜೆ ಮನೆಗೆ ಬಂದರೆ ಕಾಕಾ ಇರಲಿಲ್ಲ. ಇಂಡಿಗೆ ಹೋಗಿದ್ದಾರೆ ಎಂದರು ಕಾಕು. "ಮುಂಜಾನೆ ನಿನ್ನ ಬಸ್ ಹೋದ ಹಿಂದ ಅವರೂ ಹೋದ್ರು. ಇಸ್ತ್ರಿ ಅಂಗಿ ಹಾಕ್ಕೊಂಡ ಹೋಗ್ಯಾರ, ಬೀಗರ ಮನಿಗೆ ಹೋದಂಗ."

ದೀಪ ಹಚ್ಚುವ ಹೊತ್ತಿಗೆ ಬಂದರು. ಕೈಕಾಲು ತೊಳೆದುಕೊಂಡು, "ಬಗಿಹರೀತು" ಎಂದಷ್ಟೇ ಹೇಳಿ ಊಟಕ್ಕೆ ಕೂತರು. ನಾನೂ ಕೆದಕಲಿಲ್ಲ. ಬಗೆಹರಿದದ್ದು ಹೇಗೆ ಎಂದು ಕೇಳಿದರೆ ತಪ್ಪು ಯಾರದು ಎಂಬ ಮಾತೂ ಬರುತ್ತದಲ್ಲ.

ಆ ವ್ಯಾಪಾರಿ ನನ್ನನ್ನು ಬಿಡಲಿಲ್ಲ. ಮುಂದಿನ ವರ್ಷವೂ ಸೈಟ್ ಮುಂದುವರಿಸಿದರು. ಅದಕ್ಕೆಂದು ಇಂಡಿಗೆ ಹೋದಾಗ, "ನಿಮ್ಮ ಕಾಕಾರು ಎಲ್ಲಾ ಹೇಳ್ಯಾರ ಬಿಡ್ರಿ," ಎಂದು ನಕ್ಕರು. ಆ ನಗು ಕನಿಕರದ್ದೋ, ಕಂಪನಿಯವರು ಕೆಟ್ಟವರು ಪಾಪ ಎನ್ನುವಂಥದ್ದೋ, ನನಗೆ ತಿಳಿಯಲಿಲ್ಲ. ಮೂರು ವರ್ಷದ ನಂತರ ಉಪನ್ಯಾಸಕಿಯಾಗಿ, ಆ ವ್ಯವಹಾರವನ್ನು ಬೇರೆಯವರಿಗೆ ಒಪ್ಪಿಸಿ ಕೈತೊಳೆದುಕೊಂಡೆ. ಈಗ ತರಗತಿಯಲ್ಲಿ, ಒಂದೇ ಸಾಕ್ಷಿಯನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ.

ಕಾಕಾ ನನ್ನ ಸುಳ್ಳನ್ನು ನಂಬಿ ಇಂಡಿಯಲ್ಲಿ ಅದನ್ನೇ ಹೇಳಿದ್ದರೆ, ಜೀವನವಿಡೀ ತಪ್ಪು ಅಂಕಿ ಕೂಗದವರ ಬಾಯಲ್ಲಿ ನಾನೇ ಒಂದು ಸುಳ್ಳನ್ನು ಹಾಕಿದಂತೆ. ನಂಬದೆ, ನಮ್ಮ ಹುಡುಗಿಯದೇ ತಪ್ಪು ಎಂದಿದ್ದರೆ, ಅಷ್ಟು ವರ್ಷ ಎಲ್ಲ ತಿಳಿದೂ ನನ್ನೆದುರು ಸುಮ್ಮನಿದ್ದಂತೆ. ಯಾವುದಾದರೆ ನನಗೆ ಹಗುರ ಎಂದು ಇನ್ನೂ ನಿರ್ಧರಿಸಿಲ್ಲ.

ಹೋದ ತಿಂಗಳು ಸಿಂದಗಿಗೆ ಹೋಗಿದ್ದೆ. ಕಾಕಾ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಅಂದಿನ ತಪ್ಪು ನನ್ನದೇ ಎಂದು ಮೊದಲು ಹೇಳಿದೆ. ಅವರು ಪುಟ ತಿರುವಿದರು. ಆಮೇಲೆ ಕೇಳಿದೆ.

"ಕಾಕಾ, ಅವತ್ತ ಇಂಡ್ಯಾಗ ನೀವು ತಪ್ಪು ಯಾರದಂತ ಹೇಳಿ ಬಂದ್ರಿ?"