ಅಪ್ಪನ ಕೈ ಅಕ್ಕನಿಗೆ

ನಮ್ಮಪ್ಪ ಚೆಂಬೂರಿನ ಹೋಟೆಲೊಂದರಲ್ಲಿ ಬಡಿಸುವ ಕೆಲಸಕ್ಕಿದ್ದರು. ಆರಡಿ ಮೀರಿದ ಎತ್ತರ. ಗೋಡೆ ಬದಿಯ ಗಿರಾಕಿಗೂ ನಿಂತಲ್ಲಿಂದಲೇ ತಟ್ಟೆ ಮುಟ್ಟಿಸುವ ಕೈ. ಆ ಎತ್ತರ, ಆ ಕೈ, ಆ ನೀಳ ಬೆರಳು, ಎಲ್ಲ ಅಕ್ಕನಿಗೆ ಬಂತು. ನಾನು ಅಮ್ಮನಂತೆ ಗಿಡ್ಡ. ಒಂದು ಮಧ್ಯಾಹ್ನ ಊಟದ ಗದ್ದಲದಲ್ಲಿ ಅಪ್ಪ ಬೆನ್ನು ಹಿಡಿದುಕೊಂಡು ಕುಸಿದರು, ಮತ್ತೆ ಏಳಲಿಲ್ಲ. ಹಾರ್ಟ್ ಅಟ್ಯಾಕ್ ಅಂದರು. ಆಮೇಲೆ ಮನೆಗೆ ಬಂದವರೆಲ್ಲ ಅಕ್ಕನನ್ನೇ ನೋಡಿ ಕಣ್ಣೊರೆಸಿಕೊಳ್ಳುವರು. "ಅಪ್ಪನದ್ದೇ ಅಚ್ಚು ಮಾರಾಯ್ತಿ." ನಾನೇನು ದಾರಿಯಲ್ಲಿ ಸಿಕ್ಕಿದವಳೇ? ಹೊಟ್ಟೆ ಉರಿಯುತ್ತಿತ್ತು. ನಲವತ್ತು ದಾಟಿದರೂ ಆ ಉರಿ ಆರಲಿಲ್ಲ.

ಹೋದ ವರ್ಷ ಸ್ಟೇಷನ್ ಮೆಟ್ಟಿಲು ಹತ್ತುವಾಗ ಅಕ್ಕನಿಗೆ ಏದುಸಿರು ಬರತೊಡಗಿತು. ಅಮ್ಮ, ನಾನು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಬುಡದಲ್ಲೇ ಉಬ್ಬಿದೆ ಎಂದು ಡಾಕ್ಟರ್ ಹಿಂದಿಯಲ್ಲಿ ವಿವರಿಸಿದರು. ಕುಟುಂಬದಲ್ಲಿ ಯಾರಾದರೂ ಹಠಾತ್ತನೆ ಸತ್ತಿದ್ದರೆ ಅದು ಒಡೆಯುವ ಮೊದಲೇ ಆಪರೇಶನ್ ಮಾಡಬೇಕು. ಇಲ್ಲದಿದ್ದರೆ ಸದ್ಯಕ್ಕೆ ಮಾತ್ರೆ ಸಾಕು.

"ನಮ್ಮ ಕುಟುಂಬದಲ್ಲಿ ಯಾರೂ ಇಲ್ಲ" ಅಂದಳು ಅಮ್ಮ, ಜಂಬದಿಂದಲೇ. "ನನ್ನ ತಾಯಿ, ಅಣ್ಣಂದಿರು, ಎಲ್ಲ ಹಣ್ಣುಹಣ್ಣಾಗಿ ಹೋದವರು."

ಅವಳು ಸುಳ್ಳು ಹೇಳಲಿಲ್ಲ. ನಮ್ಮದು ಅಳಿಯಕಟ್ಟು, ಕುಟುಂಬವೆಂದರೆ ತಾಯಿಯ ಕಡೆಯದು. ಅಪ್ಪ, ದೊಡ್ಡಪ್ಪ ಬೇರೆ ಬಳಿಯವರು, ಅಂದರೆ ಬೇರೆ ವಂಶದವರು, ಲೆಕ್ಕಕ್ಕೇ ಬರುವುದಿಲ್ಲ. ನನಗೂ ಹೊಳೆಯಲಿಲ್ಲ.

ಡಾಕ್ಟರ್ ಮಾತ್ರೆ ಬರೆಯುತ್ತ ಅಕ್ಕನ ಕೈ ನೋಡಿ, ಬೆರಳು ತುಂಬಾ ಉದ್ದ ಅಂದರು. ಇಲ್ಲಿಯೂ ಅವಳ ಬೆರಳಿನ ಸುದ್ದಿಯೇ. ನನಗೆ ತಡೆಯಲಾಗಲಿಲ್ಲ.

"ಎಲ್ಲ ಅಪ್ಪನದ್ದು. ನನಗೊಂದೂ ಕೊಡಲಿಲ್ಲ" ಎಂದು ಹಿಂದಿಯಲ್ಲೇ ಅಂದುಬಿಟ್ಟೆ.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ತಂದೆ ಏನಾಗಿ ಹೋದರು?"

ಹೇಳಿದೆ. ದೊಡ್ಡಪ್ಪ ಹೋದದ್ದೂ ಹಾಗೇ ಎಂಬುದು ಆಗಲೇ ನೆನಪಾಯಿತು. ಡಾಕ್ಟರ್ ತಾವು ಬರೆದ ಮಾತ್ರೆ ಚೀಟಿಯನ್ನು ಹರಿದುಹಾಕಿದರು. ಈ ಎತ್ತರ, ಈ ಬೆರಳು, ಉಬ್ಬಿದ ರಕ್ತನಾಳ, ಎಲ್ಲ ತಂದೆಯಿಂದ ಬಂದ ಒಂದೇ ದೋಷದ್ದು, ಆಪರೇಶನ್ ಆಗಲೇಬೇಕು ಅಂದರು.

"ಅವರು ನಮ್ಮ ಕುಟುಂಬ ಅಲ್ವಲ್ಲ ಮಗಾ, ನಂಗೆ ತಲೆಗೇ ಹೋಗ್ಲಿಲ್ಲ" ಎಂದು ಅಮ್ಮ ಹೊರಗಿನ ಬೆಂಚಿನಲ್ಲಿ ಅತ್ತಳು.

ಆಪರೇಶನ್ ಆಗಿ ಅಕ್ಕ ಉಳಿದಳು. ಒಡಹುಟ್ಟಿದವಳೆಂದು ನನ್ನನ್ನೂ ಪರೀಕ್ಷೆ ಮಾಡಿದರು. ಅಪ್ಪನ ದೋಷ ನನಗೆ ಬಂದಿರಲಿಲ್ಲ. ಅಲ್ಲೂ ನನಗೆ ಅಪ್ಪನದ್ದೇನೂ ಇಲ್ಲ ಎಂದು ಮನಸ್ಸಿಗೆ ಚುರುಕ್ಕೆಂದಿತು.

ವಾರ್ಡಿನಲ್ಲಿ ಅಕ್ಕ ಎದೆಯ ಹೊಲಿಗೆ ನೋಯದ ಹಾಗೆ ಮೆಲ್ಲನೆ ಕೇಳಿದಳು, "ನಿಂಗೆ ಏನೂ ಇಲ್ಲವಂತೆ?"

"ಇಲ್ಲ."

ಅವಳು ನನ್ನ ಗಿಡ್ಡ ಬೆರಳುಗಳನ್ನೇ ನೋಡುತ್ತ ಮಲಗಿದಳು. ಆ ನೋಟ ನನಗೆ ಗೊತ್ತು. ಚಿಕ್ಕಂದಿನಿಂದ ನಾನು ಅವಳನ್ನು ನೋಡಿದ್ದು ಹಾಗೆಯೇ. ಕೈಗಳನ್ನು ದುಪಟ್ಟಾದೊಳಗೆ ಅಡಗಿಸಿಕೊಂಡೆ.