ಹೇರ್‌ಪಿನ್ ತಿರುವಿನ ಜಯಮ್ಮ ಸಿಸ್ಟರ್

ಮಗುಚಿಬಿದ್ದ ಕಾರನ್ನು ಜಯಮ್ಮ ಸಿಸ್ಟರ್ ಎತ್ತುತ್ತಿದ್ದ ರೀತಿಯೇ ಬೇರೆ. ಹಿಂದಿನ ಚಕ್ರವೊಂದನ್ನು ಹಿಡಿದು, ತಲೆಕೆಳಗಾಗಿ ತೂಗಾಡಿಸಿ, ಬೆನ್ನ ಮೇಲೆ ಎರಡು ಸಲ ಪಟ್ ಪಟ್ ಎಂದು ಬಡಿಯುತ್ತಿದ್ದರು. ಮಣ್ಣು ಉದುರುತ್ತಿತ್ತು. ಮೋಟಾರು ಕುಂಯ್ ಎಂದರೆ ಸಮಾಧಾನದಿಂದ ನೆಲಕ್ಕಿಡುತ್ತಿದ್ದರು. "ಅಳ್ತದೆ ಅಂದ್ರೆ ಬದುಕ್ತದೆ. ಸುಮ್ಗಿದ್ರೇ ಭಯ."

ಕಾರು ಅಂದರೆ ನಾವು ನೀವು ಕೂರುವ ಕಾರಲ್ಲ. ಎರಡು ಗೇಣು ಉದ್ದದ ರಿಮೋಟ್ ಕಾರು. ಸಿಸ್ಟರ್ ಅಂದರೆ ನಿಜವಾದ ಸಿಸ್ಟರ್. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತರಾದವರು. ನಮ್ಮ ಹೂಟಗಳ್ಳಿಯಲ್ಲಿ ಅರ್ಧ ಜನ ಭೂಮಿಗೆ ಬಂದಾಗ ಮೊದಲ ಏಟು ತಿಂದಿದ್ದು ಅವರ ಕೈಯಲ್ಲೇ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಉಳಿದರ್ಧ ಜನಕ್ಕೆ ಇನ್ನೂ ಏಟು ಬಿದ್ದಿಲ್ಲ ಎಂಬುದು ಅವರ ಕೊರಗು.

ನಮ್ಮ ಕ್ಲಬ್ಬಿನ ಟ್ರ್ಯಾಕು ಇರುವುದು ಫ್ಯಾಕ್ಟರಿಗಳ ಹಿಂದಿನ ಒಂದು ಖಾಲಿ ಸೈಟಿನಲ್ಲಿ. ಹಳೇ ಪೈಪುಗಳನ್ನು ಮಣ್ಣಲ್ಲಿ ಹೂತು ತಿರುವುಗಳನ್ನು ಮಾಡಿದ್ದೇವೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನ ಗಂಡಸರು, ಮನೆಯಲ್ಲಿ ತರಕಾರಿ ತರುತ್ತೇನೆಂದು ಹೇಳಿ ಬಂದವರು, ಒಂದು ಮರದ ಅಟ್ಟಣೆಯ ಮೇಲೆ ಸಾಲಾಗಿ ನಿಂತು ರಿಮೋಟ್ ತಿರುಗಿಸುತ್ತೇವೆ. ಕಾರ್ಯದರ್ಶಿ ವೆಲ್ಡಿಂಗ್ ಅಂಗಡಿಯ ಮಾದೇವು. ಚಾಂಪಿಯನ್ ಹಲ್ಲಿನ ಡಾಕ್ಟರ್ ಪ್ರದೀಪ್. ಕೊನೆಯ ಸ್ಥಾನಕ್ಕೆ ಸ್ಪರ್ಧೆಯೇ ಇಲ್ಲ, ಅದು ನನಗೆ ಖಾಯಂ.

ನನ್ನ ಪ್ರತಿಭೆ ಸಾಮಾನ್ಯದ್ದಲ್ಲ. ಕಾರು ನಮ್ಮಿಂದ ದೂರ ಹೋಗುವಾಗ ಎಡ ಎಂದರೆ ಎಡ. ಅದೇ ಕಾರು ನಮ್ಮ ಕಡೆಗೆ ಬರುವಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಇದು ಎರಡನೇ ವಾರಕ್ಕೆ ಎಲ್ಲರ ಕೈಗೂ ಅಭ್ಯಾಸವಾಗುತ್ತದೆ. ನನಗೆ ಮೂರು ವರ್ಷವಾದರೂ ಆಗಲಿಲ್ಲ. ಒಮ್ಮೆ ಮೂರು ಸುತ್ತು ಅದ್ಭುತವಾಗಿ ಓಡಿಸಿದೆ, ಒಂದು ತಿರುವೂ ತಪ್ಪಲಿಲ್ಲ, ಆನಂದಬಾಷ್ಪ ಬರುವುದರಲ್ಲಿತ್ತು. ಆಮೇಲೆ ನೋಡಿದರೆ ಅದು ಡಾಕ್ಟರ ನೀಲಿ ಕಾರು. ನನ್ನ ನೀಲಿ ಕಾರು ಶುರುವಿನಲ್ಲೇ ಮಗುಚಿ ಆಕಾಶ ನೋಡುತ್ತಾ ಮಲಗಿತ್ತು. ನಾನು ಫ್ಯಾಕ್ಟರಿಯೊಂದರ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಯವಿಟ್ಟು ಯಾರಿಗೂ ಹೇಳಬೇಡಿ. ಆ ವಾರವೇ ಡಾಕ್ಟರು ತಮ್ಮ ಕಾರಿಗೆ ಕೆಂಪು ಬಳಿಸಿಕೊಂಡರು.

ಜಯಮ್ಮ ಸಿಸ್ಟರ್ ನಮಗೆ ದೊರಕಿದ್ದೂ ನನ್ನ ಪ್ರತಿಭೆಯಿಂದಲೇ. ಅವರ ಮನೆ ಟ್ರ್ಯಾಕಿನ ಪಕ್ಕದಲ್ಲೇ ಇತ್ತು. ಒಂದು ಭಾನುವಾರ ನನ್ನ ಕಾರು ಉಬ್ಬಿನ ಮೇಲಿಂದ ಹಾರಿ, ಕಾಂಪೌಂಡು ದಾಟಿ, ಅವರು ಒಣಹಾಕಿದ್ದ ಸಂಡಿಗೆಯ ಮೇಲೆ ಇಳಿಯಿತು. ಮುಂದಿನ ರೇಸ್ ಶುರುವಾಗುತ್ತಿದ್ದಂತೆ ಗೇಟು ತೆರೆದು ಅವರೇ ಬಂದರು. ವಾಯಿಲ್ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕೈಯಲ್ಲಿ ತಲೆಕೆಳಗಾಗಿ ನೇತಾಡುವ ಕಾರು.

"ಯಾರ್ದಿದು?"

ನಮ್ಮ ಕ್ಲಬ್ಬಿನಲ್ಲಿ ಒಗ್ಗಟ್ಟಿಲ್ಲ ಎನ್ನುವವರು ಆ ಗಳಿಗೆ ನೋಡಬೇಕಿತ್ತು. ಎಲ್ಲರ ಬೆರಳೂ ಏಕಕಾಲಕ್ಕೆ ನನ್ನ ಕಡೆ ತಿರುಗಿದವು.

"ಬ್ರೇಕ್ ಫೇಲ್ ಆಗ್ಬುಡ್ತು ಅಮ್ಮ," ಎಂದೆ.

"ಬ್ರೇಕಲ್ಲ ಕಣಯ್ಯ, ಬುದ್ಧಿ. ಹೆಸ್ರೇನು?"

"ಚೇತನ್."

"ಹೆಸ್ರು ಇಟ್ಟೋರು ಅವಸರ ಮಾಡ್ಬುಟ್ರು. ಒಂದೆರಡು ವರ್ಸ ನೋಡಿ ಇಡ್ಬೇಕಾಗಿತ್ತು."

ಬೈದು ಹೋಗಬೇಕಾದವರು ಹೋಗಲಿಲ್ಲ. ಅಷ್ಟರಲ್ಲಿ ದೂರದ ಹೇರ್‌ಪಿನ್ ತಿರುವಿನಲ್ಲಿ ಒಂದು ಕಾರು ಮಗುಚಿ ಚಕ್ರ ಆಡಿಸುತ್ತಾ ಬಿದ್ದಿತ್ತು. ನಮ್ಮಲ್ಲಿ ಒಂದು ಪದ್ಧತಿಯಿದೆ. ಒಂದು ರೇಸ್ ಓಡಿಸಿದವರು ಮುಂದಿನ ರೇಸಿನಲ್ಲಿ ತಿರುವುಗಳಲ್ಲಿ ನಿಂತು, ಬಿದ್ದ ಕಾರುಗಳನ್ನು ಎತ್ತಿ ನಿಲ್ಲಿಸಬೇಕು. ಆ ಹೇರ್‌ಪಿನ್ನಿನಲ್ಲಿ ನಿಂತಿರಬೇಕಾದವನು ನಾನು. ನಾನೋ ಸಂಡಿಗೆ ಕೇಸಿನಲ್ಲಿ ಆರೋಪಿಯಾಗಿ ಇಲ್ಲಿದ್ದೆ.

"ಅಯ್ಯೋ, ಅದು ಅಂಗೇ ಬಿದ್ದದಲ್ಲೋ! ಯಾರೂ ನೋಡಲ್ವಾ?" ಎಂದವರೇ ಸೀರೆ ಎತ್ತಿ ಸಿಕ್ಕಿಸಿ, ಪೈಪು ದಾಟಿ ಓಡಿದರು. ಎತ್ತಿದರು, ಬಡಿದರು, ಬಿಟ್ಟರು. ಅಂದಿನಿಂದ ಆ ತಿರುವು ಅವರದಾಯಿತು. ಮಾದೇವು ಗೌರವದಿಂದ, "ಅಮ್ಮ, ಇದಕ್ಕೆ ಮಾರ್ಷಲ್ ಅಂತಾರೆ," ಎಂದ. "ಆಯಾ ಅಂತ ಕರೀರಿ ಸಾಕು," ಎಂದರು.

ಅವರದು ಒಂದೇ ಕಾನೂನು. ಮೊದಲು ಬಿದ್ದದ್ದನ್ನು ಮೊದಲು ಎತ್ತುವುದು. ಯಾರ ಕಾರು, ಯಾರು ಮುಂದಿದ್ದಾರೆ, ಯಾರು ಹತ್ತಿರ ಬಿದ್ದಿದ್ದಾರೆ, ಯಾವುದೂ ಲೆಕ್ಕಕ್ಕಿಲ್ಲ. ಈ ಕಾನೂನಿನ ರುಚಿ ನನಗೆ ತಿಳಿದಿದ್ದು ನನ್ನ ಜೀವಮಾನದ ಏಕೈಕ ಗೆಲುವು ಕೈಗೆ ಬಂದ ದಿನ. ಮುಂದಿದ್ದ ನಾಲ್ಕು ಕಾರುಗಳು ಒಂದಕ್ಕೊಂದು ಗುದ್ದಿಕೊಂಡು ರಾಶಿಯಾಗಿ, ನಾನು ಯಾವ ತಪ್ಪೂ ಮಾಡದೆ ಎರಡನೆಯವನಾಗಿಬಿಟ್ಟಿದ್ದೆ. ಕೊನೆಯ ಸುತ್ತು. ಮುಂದೆ ಡಾಕ್ಟರು ಮಾತ್ರ. ಹೇರ್‌ಪಿನ್ನಿನಲ್ಲಿ ಅವರ ಕಾರು ಪಲ್ಟಿ ಹೊಡೆಯಿತು. ನಾನು ಅಟ್ಟಣೆಯ ಮೇಲೆ ಕುಣಿದುಬಿಟ್ಟೆ. ಕುಣಿಯುವಾಗ ಕೈ ರಿಮೋಟಿನ ಮೇಲಿದೆ ಎಂಬುದು ಮರೆತಿತ್ತು. ನನ್ನ ಕಾರು ನೆಟ್ಟಗೆ ಹೋಗಿ ಡಾಕ್ಟರ ಕಾರಿನ ಮೇಲೇ ಹತ್ತಿ ಮಗುಚಿತು.

"ಅಮ್ಮಾ, ನಂದು! ನಂದು ಮೊದ್ಲು! ಕೈಗೇ ಸಿಗ್ತದೆ ನೋಡಿ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಸಿಸ್ಟರ್ ನನ್ನ ಕಾರನ್ನು ಪಕ್ಕಕ್ಕೆ ಸರಿಸಿ, ಅಡಿಯಿಂದ ಡಾಕ್ಟರದನ್ನು ತೆಗೆದು, ನಿಧಾನಕ್ಕೆ ಎರಡು ಸಲ ಬಡಿದು, ಬಿಟ್ಟು, ಆಮೇಲೆ ನನ್ನದಕ್ಕೆ ಕೈ ಹಾಕಿದರು. ಡಾಕ್ಟರು ಗೆದ್ದರು. ನಾನು ಜಗಳಕ್ಕೆ ಹೋದೆ.

"ಒಂದ್ಸಲ ಅಮ್ಮ, ಒಂದೇ ಸಲ ನಮ್ಮ ಹುಡ್ಗ ಅಂತ ನೋಡ್ಬಾರ್ದಾಗಿತ್ತಾ?"

"ನಮ್ ವಾರ್ಡಿಗೆ ಒಬ್ಬ ದೊಡ್ಡ ಮನುಷ್ಯ ಬಂದು, ನಮ್ ಸೊಸೇದು ಮೊದ್ಲು ನೋಡಿ ಸಿಸ್ಟರ್ ಅಂದ. ನಿಮ್ ಸೊಸೆಗೆ ಯೋಳಿ ಸಾ, ಮೊದ್ಲು ನೋವು ಬರ್ಸ್ಕೊಳ್ಳಕ್ಕೆ ಅಂದೆ. ನಿಂಗೂ ಅದೇಯ. ಮುಂದಿನ್ ವಾರ ಮೊದ್ಲು ಬೀಳು, ಮೊದ್ಲು ಎತ್ತೀನಿ."

ಮುಂದಿನ ವಾರ ಮೊದಲು ಬಿದ್ದೆ. ಮೊದಲು ಎತ್ತಿದರು. ಮಾತಿಗೆ ತಪ್ಪುವವರಲ್ಲ.

ಅವರು ಬಂದ ಮೂರನೇ ವರ್ಷದಲ್ಲಿ ಕಾರುಗಳು ಅವರ ಕಾಲಿಗೆ ಬಡಿಯತೊಡಗಿದವು. ಮೊದಲೆಲ್ಲ ಹಕ್ಕಿಯಂತೆ ಪಕ್ಕಕ್ಕೆ ಜಿಗಿಯುತ್ತಿದ್ದವರು ಈಗ ಬಡಿದ ಮೇಲೆ ತಿರುಗಿ ನೋಡುತ್ತಿದ್ದರು. ಬಗ್ಗಿದರೆ ಏಳುವುದಕ್ಕೆ ಮೊಣಕಾಲು ಹಿಡಿದುಕೊಳ್ಳುತ್ತಿದ್ದರು. "ಏನೂ ಆಗಿಲ್ಲ, ಓಡ್ಸಿ ಓಡ್ಸಿ," ಎನ್ನುವುದು ಮಾತ್ರ ತಪ್ಪಲಿಲ್ಲ. ಭಾನುವಾರ ಬಿಟ್ಟರೆ ಅವರ ಗೇಟು ತೆರೆಯುತ್ತಿದ್ದುದು ಹಾಲಿನವನಿಗೆ ಮಾತ್ರ ಎಂಬುದು ನಮಗೆಲ್ಲ ಗೊತ್ತಿತ್ತು. ಇನ್ನು ಬರಬೇಡಿ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಮಾದೇವು ನನ್ನ ಹೆಗಲ ಮೇಲೆ ಕೈ ಹಾಕಿದ.

"ನೀನೇ ಯೋಳ್ಬುಡು ಚೇತು. ನೀ ಏನ್ ಯೋಳಿದ್ರೂ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ. ಯಾಕಂದ್ರೆ ಯಾರೂ ನಂಬಲ್ಲ."

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅವರ ಮುಖ ನೋಡಿದ ಕೂಡಲೇ ಎಲ್ಲಾ ಮರೆತು, "ಅಮ್ಮ, ಕ್ಲಬ್ಬಿನೋರು ನಿಮ್ಗೆ ಪ್ರಮೋಷನ್ ಕೊಟ್ಟವ್ರೆ," ಎಂದುಬಿಟ್ಟೆ.

"ಏನಂತೆ?"

"ಇನ್ಮೇಲೆ ನೀವು ಕುರ್ಚೀಲಿ ಕೂತು ಯಾವ್ದು ಮೊದ್ಲು ಅಂತ ಯೋಳದು. ಬಗ್ಗಿ ಎತ್ತಕ್ಕೆ ಒಬ್ಬ ಇರ್ತಾನೆ."

"ಯಾರವ್ನು?"

ಸುಳ್ಳು ಅಷ್ಟು ದೂರ ಯೋಚಿಸಿರಲಿಲ್ಲ. "ನಾನೇ," ಎಂದೆ.

"ಅಂದ್ರೆ ನಾನು ಹೆಡ್ ನರ್ಸು, ನೀನು ಆಯಾ," ಎಂದು ಅವರು ಹೊಟ್ಟೆ ಹಿಡಿದು ನಕ್ಕರು. ಹೀಗೆ ನನ್ನ ರೇಸಿನ ಜೀವನ ಮುಗಿಯಿತು. ಸುದ್ದಿ ಕೇಳಿ ಕ್ಲಬ್ಬಿನವರು ಚಪ್ಪಾಳೆ ತಟ್ಟಿದರು. ತ್ಯಾಗಕ್ಕಲ್ಲ, ಟ್ರ್ಯಾಕು ಸುರಕ್ಷಿತವಾಯಿತಲ್ಲ ಎಂದು.

ಆರೇಳು ತಿಂಗಳು ಚೆನ್ನಾಗಿಯೇ ನಡೆಯಿತು. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ಹಳದೀದು! ಆಮೇಲೆ ಹಸ್ರು! ಬಡಿಯೋ, ಬಡ್ದು ಬಿಡೋ!" ಎನ್ನುವುದು, ನಾನು ಕಪ್ಪೆಯ ಹಾಗೆ ಕುಪ್ಪಳಿಸುವುದು. ವರ್ಷದ ದೊಡ್ಡ ರೇಸು ಬಂತು. ಕೊನೆಯ ಸುತ್ತಿನಲ್ಲಿ ಡಾಕ್ಟರ ಕೆಂಪು ಕಾರು, ಮಾದೇವುವಿನ ಬಿಳಿ ಕಾರು, ಎರಡೂ ಧೂಳೆಬ್ಬಿಸಿಕೊಂಡು ನಮ್ಮ ತಿರುವಿಗೆ ಬಂದು ಒಂದರ ಹಿಂದೆ ಒಂದು ಮಗುಚಿದವು. ಕೆಂಪು ಮೊದಲು. ನನ್ನ ಮೂಗಿನ ಮುಂದೆಯೇ ಬಿತ್ತು.

"ಮಾದೇವುದು ಮೊದ್ಲು!" ಎಂದರು ಸಿಸ್ಟರ್.

ನಾನು ಬಗ್ಗಿದವನು ಬಗ್ಗಿದಂತೆಯೇ ನಿಂತೆ. ಜೀವನದಲ್ಲಿ ಯಾವ ವಿಷಯಕ್ಕೂ ಒಂದು ಸೆಕೆಂಡಿಗಿಂತ ಹೆಚ್ಚು ಯೋಚಿಸಿದವನಲ್ಲ. ಆವತ್ತೂ ಅಷ್ಟೇ ಹೊತ್ತು ಯೋಚಿಸಿದ್ದು. ಕೆಂಪು ಕಾರನ್ನು ಎತ್ತಿದೆ.

"ಚೇತು! ಮಾದೇವುದು ಅಂದ್ನಲ್ಲೋ!"

ಡಾಕ್ಟರು ಅರ್ಧ ಕಾರಿನಷ್ಟು ಅಂತರದಲ್ಲಿ ಗೆದ್ದರು. ಮಾದೇವು ಅಟ್ಟಣೆಯಿಂದ ಧುಮುಕಿ ಬಂದ. "ಏನ್ಲಾ, ಅಮ್ಮ ಯೋಳಿದ್ದು ಕಿವಿಗ್ ಬೀಳ್ನಿಲ್ವಾ? ಎಷ್ಟ್ ತಿಂದಿದ್ದೀಯ ಡಾಕ್ಟ್ರತ್ರ? ಹಲ್ ಕಟ್ಕೊಡ್ತೀನಿ ಅಂದ್ರಾ?"

ಸಿಸ್ಟರ್ ಕೈ ಎತ್ತಿ ಅವನನ್ನು ನಿಲ್ಲಿಸಿದರು. "ಇರಪ್ಪ. ಚೇತು, ಯಾವ್ದು ಮೊದ್ಲು ಬಿತ್ತು?"

ಧೂಳಿತ್ತು, ಕಾಣಲಿಲ್ಲ ಎನ್ನಬಹುದಿತ್ತು. ಕಿವಿಗೆ ಕೇಳಿಸಲಿಲ್ಲ ಎನ್ನಬಹುದಿತ್ತು. ಹಾಗೆ ಹೇಳಿದ್ದರೆ ಅವರು ಮುಂದಿನ ವಾರವೂ ಆ ಕುರ್ಚಿಯಲ್ಲಿ ಇರುತ್ತಿದ್ದರು.

"ಡಾಕ್ಟ್ರುದು, ಅಮ್ಮ."

"ನೋಡ್ದಾ?"

"ನೋಡ್ದೆ."

ಅವರು ಟ್ರ್ಯಾಕಿನ ಕಡೆ ತಿರುಗಿದರು. "ನಂಗೆ ಬರೀ ಧೂಳು ಕಾಣ್ತು. ಒಂದ್ ಹೆಸ್ರು ಯೋಳ್ಬುಟ್ಟೆ," ಎಂದರು. ಆಮೇಲೆ ಮಾದೇವುವಿಗೆ, "ಅವ್ನ್ ಮಾಡಿದ್ದೇ ಸರಿ. ಬೈಬ್ಯಾಡ," ಎಂದು ಎದ್ದು, ಕುರ್ಚಿಯನ್ನು ತಾವೇ ಎತ್ತಿಕೊಂಡು ಗೇಟಿನ ಕಡೆ ನಡೆದರು. ನಾನು ಹಿಂದೆ ಹೋದರೆ, "ರೇಸ್ ಬಾಕಿ ಅವೆ, ಹೋಗು," ಎಂದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ರೇಸ್ ಶುರುವಾಗುವ ಮೊದಲು ಅವರ ಮನೆಗೆ ಓಡಿದೆ. ಅದೇ ಕೊನೆಯ ಭೇಟಿ. ಅವರು ಮತ್ತೆ ಹೂಟಗಳ್ಳಿಗೆ ವಾಸಕ್ಕೆ ಬರಲಿಲ್ಲ, ಆ ಮನೆಯಲ್ಲಿ ಈಗ ಬಾಡಿಗೆಯವರಿದ್ದಾರೆ. ಆವತ್ತು ಹೊರಗೆ ಆಟೋ ನಿಂತಿತ್ತು. ಸಿಸ್ಟರ್ ಅದೇ ಕ್ಯಾನ್ವಾಸ್ ಶೂ ಹಾಕಿಕೊಂಡು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಬೀಗದ ತೂತು ಹುಡುಕುವುದಕ್ಕೇ ಮೂರು ಸಲ ತಡವಿದರು.

"ನಮ್ ತಂಗಿ ಕೊಳ್ಳೇಗಾಲದಲ್ಲವ್ಳೆ. ಬಚ್ಚಲಲ್ಲಿ ಜಾರ್ಬುಟ್ಟವ್ಳಂತೆ, ಸೊಂಟ ಹಿಡ್ಕೊಂಡದೆ. ನೋಡ್ಕೊಳ್ಳೋರು ಯಾರೂ ಇಲ್ಲ."

ನಾನು ಕ್ಷಮೆ ಕೇಳಲು ಬಂದವನು. ಬಾಯಿ ತೆರೆದರೆ ಎಂದಿನಂತೆ ಬೇರೆಯದೇ ಬಂತು. "ಅಲ್ಲ ಅಮ್ಮ, ನಿಮ್ಗೇ ಕಣ್ ಕಾಣಲ್ಲ. ಅವ್ರನ್ನೆಂಗ್ ನೋಡ್ಕೊಂಡೀರಿ?"

ಅವರು ಬ್ಯಾಗನ್ನು ನನ್ನ ಕೈಗೆ ಕೊಟ್ಟು, ನನ್ನ ಹೆಗಲು ಹಿಡಿದು ಆಟೋ ಹತ್ತಿದರು. ಸೆರಗು ಸರಿಮಾಡಿಕೊಂಡು ಕೂತ ಮೇಲೆ ಉತ್ತರ ಕೊಟ್ಟರು.

"ಅಲ್ಲಿ ಬಿದ್ದಿರೋಳು ಒಬ್ಳೇ ಕಣಯ್ಯ. ಯಾರ್ನ ಮೊದ್ಲು ಎತ್ಬೇಕು ಅನ್ನೋ ತಾಪತ್ರಯ ಇಲ್ಲ."